ನಾಲ್ಕು ಹಸಿರು ದೀಪ

ಪೆದ್ದನ ಕತೆ ಅಂದರೆ ನಿಮಗೆ ನಗು. ನಗಿರಿ, ಬೇಡ ಅನ್ನುವುದಿಲ್ಲ. ಆದರೆ ಶಿವಗಂಗವ್ವನ ಮನೆ ಮುಂದೆ ನಿಂತು ಮಾತ್ರ ನಗಬೇಡಿ.

ಗದಗ ಸೀಮೆಯ ಶಿವಗಂಗವ್ವನಿಗೆ ಒಬ್ಬನೇ ಮಗ, ಕಲ್ಮೇಶಿ. ಮೂವತ್ತು ತುಂಬಿದರೂ ಹೇಳಿದ್ದನ್ನು ಹೇಳಿದಷ್ಟೇ ಮಾಡುವವನು. ಗಂಡ ಮಡಿವಾಳಪ್ಪ ಭಜನೆ ಹಾಡುತ್ತಿದ್ದವ, ತೀರಿಕೊಂಡು ವರ್ಷ ತುಂಬುತ್ತಿತ್ತು. ಆ ಊರಿನ ಭಜನಾ ಮೇಳದಲ್ಲಿ ಒಂದು ಪದ್ಧತಿ ಉಂಟು. ಹಾಡುವವನು ಸತ್ತರೆ, ವರ್ಷದ ದಿನ ಮೊದಲ ಪದವನ್ನು ಮುದ್ರಿಸಿಟ್ಟ ಅವನ ಧ್ವನಿಯೇ ಎತ್ತಬೇಕು, ಮೇಳದವರು ಹಿಂದೆ ಹಿಡಿಯಬೇಕು.

ಆ ಧ್ವನಿಯೆಲ್ಲ ಇದ್ದದ್ದು ಮನೆಯ ಕಂಪ್ಯೂಟರಿಗೆ ಜೋಡಿಸಿದ ಒಂದು ಹಳೆಯ ಪೆಟ್ಟಿಗೆಯಲ್ಲಿ. ಅದರೊಳಗೆ ನಾಲ್ಕು ಹಾರ್ಡ್ ಡಿಸ್ಕು, ನಾಲ್ಕನ್ನೂ ಜೊತೆಯಾಗಿ ನಡೆಸಲು ಒಂದು ಕಾರ್ಡು. ಒಂದು ಡಿಸ್ಕು ಸತ್ತರೂ ಉಳಿದ ಮೂರು ಅದರ ಪಾಲನ್ನು ಹೊಸದಕ್ಕೆ ಹೇಳಿಕೊಡುತ್ತವೆ. ಅದನ್ನೇ ನಂಬಿ ಮಡಿವಾಳಪ್ಪ ಇನ್ನೊಂದು ಪ್ರತಿ ಇಡಲೇ ಇಲ್ಲ. ಪೆದ್ದುತನ ಮಗನಿಗೆ ಎಲ್ಲಿಂದ ಬಂತು ಅಂತ ಬೇರೆ ಹುಡುಕಬೇಕೆ?

ವರ್ಷದ ದಿನಕ್ಕೆ ಒಂದು ವಾರ ಇತ್ತು. ಅಡುಗೆಗೆ ಪಾತ್ರೆ ತಾ ಅಂದರೆ ಕಲ್ಮೇಶಿ ಒಂದು ಗಿಂಡಿ ತಂದ.

"ಅಯ್ಯ ನನ್ನ ಕರ್ಮವೇ! ತರೋದಾದ್ರ ದೊಡ್ಡದು ತರಬೇಕೋ! ಅಂಗಡ್ಯಾಗ ಇದ್ದದ್ರಾಗ ದೊಡ್ಡದು!"

"ಆತಬೇ. ಇನ್ನ ಮ್ಯಾಲ ದೊಡ್ಡದ ತರ್ತೀನಿ."

ಅವತ್ತೇ ಸಂಜೆ ಪೆಟ್ಟಿಗೆ ಕೀ ಕೀ ಅಂತ ಕೂಗತೊಡಗಿತು. ಒಂದು ದೀಪ ಕೆಂಪಾಯಿತು. ಒಂದು ಡಿಸ್ಕು ಸತ್ತಿತ್ತು. ಶಿವಗಂಗವ್ವ ಸತ್ತದ್ದನ್ನು ಬಿಚ್ಚಿಸಿ ಮಗನ ಕೈಗೆ ಕೊಟ್ಟಳು.

"ಪರಪ್ಪನ ಕಂಪ್ಯೂಟರ ಅಂಗಡಿಗೆ ಹೋಗು. ಇದನ್ನ ತೋರಿಸಿ ಹೊಸಾದು ತಾ."

ಕಲ್ಮೇಶಿ ಹೋದ. ಡಿಸ್ಕು ತೋರಿಸಿದ. "ಇದ್ದದ್ರಾಗ ದೊಡ್ಡದು ಕೊಡ್ರಿ!" ಅಂದ. ಹಳೆಯದರ ಎಂಟು ಪಟ್ಟು ಹಿಡಿಸುವ ಡಿಸ್ಕು ಅಂಗಡಿಯಲ್ಲಿ ಮಾರಾಟವಾಗದೆ ಧೂಳು ತಿನ್ನುತ್ತಿತ್ತು. ಯಾವ ಪೆಟ್ಟಿಗೆಗೆ ಅಂತ ಪರಪ್ಪ ಕೇಳಲೇ ಇಲ್ಲ. ಕೇಳಿದರೆ ಮಾರಾಟ ಹೇಗಾಗಬೇಕು?

ಮನೆಗೆ ತಂದು ಹಾಕಿದರೆ ಕೀ ಕೀ ನಿಲ್ಲಲಿಲ್ಲ. ಶಿವಗಂಗವ್ವ ಫೋನು ಮಾಡಿದಳು. ಪರಪ್ಪ ಆಗ ಬಾಯಿ ಬಿಟ್ಟ.

"ಅಯ್ಯ ಅಕ್ಕಾರ, ಹಳೇ ಕಾರ್ಡಿಗೆ ದೊಡ್ಡ ಡಿಸ್ಕಿನ ಗುರ್ತ ಹತ್ತೂದಿಲ್ರಿ. ಎರಡು ಟೆರಾಬೈಟಿನ ಮ್ಯಾಲ ಅದಕ್ಕ ಲೆಕ್ಕಾನ ಬರೂದಿಲ್ಲ."

ಅವಳು ಮಗನ ಕಡೆ ತಿರುಗಿದಳು. "ಕೇಳಿದೇನೋ ಮೂಳಾ! ಹಳೇದು ಹ್ಯಾಂಗಿತ್ತೋ ಹಂಗ ಇರಬೇಕು! ಹೆಸರು, ನಂಬರು, ಒಂದಕ್ಷರಾನೂ ಬ್ಯಾರೆ ಇರಬಾರದು!"

"ಆತಬೇ. ಒಂದಕ್ಷರಾನೂ ಬ್ಯಾರೆ ಇಲ್ಲದ್ದು ತರ್ತೀನಿ."

ಕಲ್ಮೇಶಿ ಪೆಟ್ಟಿಗೆಯ ಡಿಸ್ಕಿನ ಹೆಸರು, ನಂಬರು ಬರೆದುಕೊಂಡು ಹೋಗಿ, ದೊಡ್ಡದನ್ನು ವಾಪಸು ಕೊಟ್ಟು, ಅಂಗಡಿಯ ಡಿಸ್ಕುಗಳನ್ನೆಲ್ಲ ತೆಗೆಸಿ ಮೈಮೇಲಿನ ನಂಬರು ಓದಿದ. ಒಂದೂ ಕೂಡಲಿಲ್ಲ. ಮಧ್ಯಾಹ್ನವೆಲ್ಲ ಹುಡುಕಿದ. ಕೊನೆಗೆ ಮೂಲೆಯ ಗುಜರಿ ಡಬ್ಬಿಯಲ್ಲಿ ಒಂದು ಸಿಕ್ಕಿತು. ಹೆಸರು ಅದೇ, ನಂಬರು ಅದೇ. ಹಿಗ್ಗಿ ಮನೆಗೆ ಓಡಿದ.

ತಾನೇ ಅಲ್ಲಿ ಬಿಟ್ಟುಬಂದಿದ್ದ ಸತ್ತ ಡಿಸ್ಕು ಅದು!

ಶಿವಗಂಗವ್ವ ಹಣೆ ಹಣೆ ಬಡಿದುಕೊಂಡಳು. "ಸತ್ತದ್ದನ್ನ ಯಾರರ ಮನಿಗೆ ತಿರುಗಿ ಹೊತ್ಕೊಂಡ ಬರ್ತಾರೇನೋ! ಅಳತಿ ಅಷ್ಟ ಅದರದ್ದು ಇರಬೇಕು. ಡಿಸ್ಕು ಹೊಸಾದಿರಬೇಕು, ಏನೂ ತುಂಬದ ಹೊಸಾದು! ನಾಲ್ಕೂ ಒಂದ ಥರಾ ಇದ್ರನ ಪೆಟಿಗಿ ಸುಮ್ಮಗಾಗೂದು, ತಿಳೀತಾ?"

"ತಿಳೀತಬೇ. ನಾಲ್ಕೂ ಒಂದ ಥರಾ. ಏನೂ ತುಂಬದ ಹೊಸಾದು."

ಈ ಸಲ ಸರಿಯಾದ ಡಿಸ್ಕೇ ಬಂತು. ಕಲ್ಮೇಶಿ ಅದನ್ನು ಹಾಕಿ ಕಂಪ್ಯೂಟರಿನಲ್ಲಿ ನೋಡಿದ. ಮೂರು ತುಂಬಿದ್ದವು, ಒಂದು ಖಾಲಿ. ಒಂದೇ ಥರ ಎಲ್ಲಿವೆ? ಅವ್ವ ಹೇಳಿದ್ದೇನು? ಅಲ್ಲೊಂದು ಕಡೆ ಪ್ರಶ್ನೆ ಬಂತು: ನಾಲ್ಕನ್ನೂ ಹೊಸದಾಗಿ ಮಾಡಲೇ? ಇದ್ದದ್ದೆಲ್ಲ ಅಳಿಯುತ್ತದೆ. ಕಲ್ಮೇಶಿ 'ಹೌದು' ಒತ್ತಿದ. ಖಾತ್ರಿಯೇ ಅಂತ ಅದು ಇನ್ನೊಮ್ಮೆ ಕೇಳಿತು. ಇನ್ನೊಮ್ಮೆ ಒತ್ತಿದ.

ಕೀ ಕೀ ನಿಂತಿತು. ನಾಲ್ಕು ದೀಪವೂ ಹಸಿರು.

"ಯವ್ವಾ, ನೋಡ ಬಾ! ನಾಲ್ಕೂ ಒಂದ ಥರಾ!"

ಶಿವಗಂಗವ್ವ ಮಗನ ತಲೆ ನೇವರಿಸಿದಳು. ಮೂವತ್ತು ವರ್ಷದಲ್ಲಿ ಮೊದಲ ಸಲ "ಶಾಣ್ಯಾ ಆದಿ ನೋಡು" ಅಂದಳು, ಬಾಯಿಗೆ ಬೆಲ್ಲ ಇಟ್ಟಳು. ಆ ಬೆಲ್ಲ ನೆನೆದರೆ ನನಗೆ ಇವತ್ತಿಗೂ ಬಾಯಿ ಕಹಿಯಾಗುತ್ತದೆ.

ವರ್ಷದ ದಿನ ಮೇಳದವರು ತಾಳ ಹಿಡಿದು ಕೂತರು. ಕಲ್ಮೇಶಿ ಗುಂಡಿ ಒತ್ತಿದ. ಇಲ್ಲ. ಮತ್ತೆ ಒತ್ತಿದ. ಇಲ್ಲ. ಹಿರಿಯ ತಾಳದವನು ಒಮ್ಮೆ ಕೆಮ್ಮಿ, ತಾಳವನ್ನು ಚೀಲಕ್ಕೆ ಹಾಕಿಕೊಂಡು ಎದ್ದ. ಪದ ಎತ್ತದ ಮೇಲೆ ಹಿಡಿಯುವುದೇನನ್ನು? ಒಬ್ಬೊಬ್ಬರಾಗಿ ಎಲ್ಲರೂ ಹೋದರು. ಅಡುಗೆ ಹಾಗೇ ಉಳಿಯಿತು.

ಏನು ಮಾಡಿದೆ ಅಂತ ಶಿವಗಂಗವ್ವ ಮಗನನ್ನು ಕೇಳಿದಳು. ಅವನು ಮಾಡಿದ್ದನ್ನು ಮಾಡಿದಷ್ಟೇ ಹೇಳಿದ.

"ಒಂದ ಸಲಾ ಗಂಡನ್ನ ಕಳಕೊಂಡಿದ್ನೆಲ್ಲೋ ಪಾಪೀ, ಎರಡನೇ ಸಲಾ ನೀ ಕೊಂದಿ! ಇನ್ನ ಅಲ್ಲೇ ಕೂತು ಕೇಳು! ಅಪ್ಪ ಹಾಡಾಕ ಹತ್ತಿದ್ರ ಕರಿ ನನ್ನ!"

"ಆತಬೇ. ಕರೀತೀನಿ."

ಕಲ್ಮೇಶಿ ಕೂತ. ಪೆಟ್ಟಿಗೆಗೆ ಕಿವಿ ಹಚ್ಚಿ ಕೂತ. ಊಟಕ್ಕೆ ಕರೆದರೆ ಕೈಸನ್ನೆ ಮಾಡಿ "ಸುಮ್ಮಗಿರಬೇ" ಅನ್ನುವನು. ಮೂರನೆಯ ದಿನ ಶಿವಗಂಗವ್ವ ರೊಟ್ಟಿ ಬಡಿಯುತ್ತಿದ್ದಳು. ಒಳಗಿಂದ ಕೂಗಿದ.

"ಯವ್ವಾ! ಬಾ, ಜಲ್ದಿ ಬಾ! ಅಪ್ಪ ಉಸಿರು ಎಳಕೊಳ್ಳಾಕ ಹತ್ಯಾನ! ಇನ್ನೇನ ಪದಾ ಎತ್ತತಾನ!"

ಪದ ಎತ್ತುವ ಮೊದಲು ಮಡಿವಾಳಪ್ಪ ಉದ್ದಕ್ಕೆ ಉಸಿರು ಎಳೆಯುತ್ತಿದ್ದದ್ದು ನಿಜ. ಶಿವಗಂಗವ್ವ ಹಿಟ್ಟಿನ ಕೈಯಲ್ಲೇ ಓಡಿದಳು. ಮಗನನ್ನು ಸರಿಸಿ ಕಿವಿ ಹಚ್ಚಿದಳು, ಉಸಿರು ಬಿಗಿಹಿಡಿದು ಕೇಳಿದಳು.

ಪೆಟ್ಟಿಗೆಯ ಫ್ಯಾನು ಉಸ್ಸೆಂದು ತಿರುಗುತ್ತಿತ್ತು.

ಕೂತು ಕೇಳು, ಕರಿ ಅಂದವಳು ತಾನೇ. ಯಾರನ್ನು ಅಂತ ಬೈಯುವುದು? ಒಲೆಯ ಮೇಲಿನ ರೊಟ್ಟಿ ಸೀದ ವಾಸನೆ ಬಂದರೂ ಅವಳು ಕಿವಿ ಹಚ್ಚಿದ್ದಲ್ಲಿಂದ ಏಳಲಿಲ್ಲ.