ಒಂದಿಷ್ಟೂ ಸೋರದ ಹಲಗೆ

ಮೋನಪ್ಪಾಚಾರಿಯ ಮರಗೆಲಸದ ಶೆಡ್ಡಿನಲ್ಲಿ ಮರದ ಪುಡಿ ಒತ್ತಿ ಮಾಡಿದ ಹಲಗೆಯೊಂದಿತ್ತು. ಕೆಳಗಿನಿಂದ ಪಂಪು ಗಾಳಿ ಎಳೆದಾಗ, ತನ್ನ ಮೈಯ ಸಣ್ಣ ರಂಧ್ರಗಳಿಂದ ಮೇಲಿಟ್ಟ ಮರವನ್ನು ಅಲುಗದಂತೆ ಹಿಡಿದುಕೊಳ್ಳುವುದೇ ಅದರ ಕೆಲಸ.

"ಅಂಚಿನಲ್ಲೆಲ್ಲ ಗಾಳಿ ಸೋರಿಸಿ ನನ್ನ ಎಳೆತ ಹಾಳುಮಾಡುತ್ತಿದ್ದೀಯ!" ಎಂದು ಪಂಪು ಮೊದಲ ದಿನವೇ ಗದರಿತು.

ಆಚಾರಿ ನಾಲ್ಕೂ ಅಂಚಿಗೆ ವಾರ್ನಿಷ್ ಬಳಿದು ಊಟಕ್ಕೆ ಹೋದ. ಆದರೂ ಹಲಗೆಯ ಅಂಜಿಕೆ ಹೋಗಲಿಲ್ಲ. ಇನ್ನೂ ಎಲ್ಲಾದರೂ ಸೋರಿದರೆ? ಮತ್ತೆ ಎಲ್ಲರೆದುರು ಬೈಸಿಕೊಂಡರೆ?

"ಬ್ರಷ್ಷಣ್ಣಾ, ಮೇಲೂ ಒಂದು ಕೈ ಬಳಿದುಬಿಡು," ಎಂದು ಅಂಗಲಾಚಿತು.

"ಅಂಚು ಮುಚ್ಚಿದ್ದು ಸಾಕು. ಮೇಲೂ ಮುಚ್ಚಿದರೆ ಮರವನ್ನು ಹಿಡಿಯುವುದು ಹೇಗೆ?"

"ಬೈಸಿಕೊಳ್ಳುವುದು ನಾನು, ನೀನಲ್ಲ. ಬಳಿ!"

ಬ್ರಷ್ಷು ಬಳಿಯಿತು.

ವಾರ್ನಿಷ್ ಒಣಗಿದ ಮೇಲೆ ಆಚಾರಿ ಬಂದು ಪಂಪು ಹಾಕಿದ. ಎಲ್ಲೂ ಗಾಳಿ ಸೋರದ್ದರಿಂದ, ಪಂಪಿನ ಎಳೆತ ತೋರಿಸುವ ಮೀಟರಿನ ಮುಳ್ಳು ಕೊನೆಯವರೆಗೂ ಏರಿ ನಿಂತಿತು.

"ಶಭಾಷ್!" ಎಂದಿತು ಪಂಪು. ಆಚಾರಿಯೂ ಮುಳ್ಳನ್ನಷ್ಟೇ ನೋಡಿ ತಲೆದೂಗಿದ. ತೊಟ್ಟಿಲಿಗೆಂದು ತಂದಿದ್ದ ತೇಗದ ತುಂಡನ್ನು ಹಲಗೆಯ ಮೇಲಿಟ್ಟ. ಮರ ಕೊರೆಯುವ ಯಂತ್ರದ ಕಟರ್ ಮೇಲಿನಿಂದ ಗುರ್ ಎನ್ನುತ್ತ ಇಳಿಯಿತು.

"ಹಿಡಿದುಕೋ ಅಣ್ಣಾ, ಜಾರುತ್ತಿದ್ದೇನೆ!" ಎಂದು ತೇಗ ಕೂಗಿತು.

ಹಲಗೆ ಹಿಡಿಯಲು ಹೋಯಿತು. ಹಿಡಿಯುವುದಕ್ಕೆ ಒಂದು ರಂಧ್ರವೂ ಉಳಿದಿರಲಿಲ್ಲ. ತೇಗ ಕಟರಿಗೆ ಸಿಕ್ಕಿ ಎರಡು ಹೋಳಾಗಿ ನೆಲಕ್ಕೆ ಬಿತ್ತು.

"ನನ್ನನ್ನು ಯಾಕೆ ಕೈಬಿಟ್ಟೆ?" ಎಂದು ಬಿದ್ದಲ್ಲಿಂದಲೇ ಕೇಳಿತು.

"ನಾನು ಒಂದಿಷ್ಟೂ ಸೋರಿಲ್ಲ," ಎಂದಿತು ಹಲಗೆ. "ಬೇಕಾದರೆ ಮುಳ್ಳು ನೋಡು."