ಏರಿನಲ್ಲಿ ನಿಲ್ಲುವ ವೈಪರ್

"ಇಲ್ಲಿ ನಿಮ್ಮ ಮುಂದೆ ಕೂತಾಗ ಮನಸ್ಸು ತಿಳಿಯಾಗಿರುತ್ತದೆ ಬುದ್ಧಿ. ಮನೆಯಲ್ಲಿ ಮಗ ಒಂದು ಮಾತು ಎದುರಾಡಿದರೆ ಸಾಕು, ಮುಂದೆ ಏನೂ ಕಾಣುವುದಿಲ್ಲ. ಬೇಕಾದ ಹೊತ್ತಿಗೇ ಕೈಕೊಡುವ ಈ ಜಪದಲ್ಲಿ ಏನಾದರೂ ಕೊರತೆ ಇದೆಯೇ?"

ಗುರುಗಳನ್ನು ಹೀಗೆ ಕೇಳಿದವರು ಚನ್ನವೀರಯ್ಯ. ಹೈಸ್ಕೂಲಿನ ಮುಖ್ಯೋಪಾಧ್ಯಾಯರಾಗಿದ್ದು ನಿವೃತ್ತರಾದವರು. ಮಗ ಅವರೊಡನೆ ಮಾತು ಬಿಟ್ಟು ಹನ್ನೊಂದು ದಿನವಾಗಿತ್ತು. ಒಂದೇ ಮನೆಯಲ್ಲಿದ್ದರೂ ತಂದೆ ಉಂಡೆದ್ದ ಮೇಲೆ ಬಂದು ಉಣ್ಣುತ್ತಿದ್ದ. ಮಗ ಕೈತಪ್ಪಿಹೋಗುತ್ತಾನೆಂಬ ಭಯ ಚನ್ನವೀರಯ್ಯನವರನ್ನು ಹಿಡಿದಿತ್ತು. ಒಂದು ವರ್ಷದಲ್ಲಿ ಗುರುಗಳಿಂದ ಎರಡು ಜಪ ಪಡೆದಿದ್ದರು, ಈಗ ಮೂರನೆಯದನ್ನು ಕೇಳಲು ಬಂದಿದ್ದರು.

ಗುರುಗಳಿಗೆ ಸಾಕುಸಾಕಾಗಿತ್ತು. "ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಜಪ ಹಾಗಿರಲಿ, ಒಂದು ಕಾರಿನ ಕತೆ ಕೇಳಯ್ಯ" ಎಂದು ಹೇಳತೊಡಗಿದರು.

ಒಬ್ಬ ಬೆಲ್ಲದ ವರ್ತಕನಿದ್ದ. ಅವನ ಬಳಿ ತಂದೆಯ ಕಾಲದ ಒಂದು ಕಾರಿತ್ತು. ಎಂಜಿನ್ ಗಟ್ಟಿ, ಬಾಡಿ ಗಟ್ಟಿ, ವೈಪರ್ ಒಂದು ಮಾತ್ರ ಮೊಂಡು. ಬಯಲಿನಲ್ಲಿ ಆಡುತ್ತಿತ್ತು. ಘಟ್ಟದ ಏರಿನಲ್ಲಿ ಮಳೆ ಹೊಯ್ಯುವಾಗ, ಇನ್ನೇನು ಬೇಕೇಬೇಕು ಅನ್ನುವಾಗ, ಗಾಜಿನ ನಡುಮಧ್ಯೆ ನಿಂತುಬಿಡುತ್ತಿತ್ತು.

ಅವನ ಒಬ್ಬಳೇ ತಂಗಿಯನ್ನು ಘಟ್ಟದ ಮೇಲಿನ ಊರಿಗೆ ಕೊಟ್ಟಿತ್ತು. ಹಿಂದಿನ ವರ್ಷ ಅವಳ ಮಗುವಿನ ನಾಮಕರಣಕ್ಕೆ ಹೊರಟವನು ಅರ್ಧ ಘಟ್ಟದಿಂದ ವೈಪರನ್ನು ಬೈಯುತ್ತ ಹಿಂದಿರುಗಿದ್ದ. ಈಗ ಶ್ರಾವಣದಲ್ಲಿ ಆ ಮಗುವಿಗೆ ಜವಳ. ಸೋದರಮಾವ ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು ಮೊದಲ ಕೂದಲು ಕತ್ತರಿಸಬೇಕು, ಅದು ಅವರ ಮನೆತನದ ಪದ್ಧತಿ. ತಂಗಿ ಹೇಳಿಕಳಿಸಿದಳು: "ಈ ಸಲವೂ ನೀನು ಬರದಿದ್ರೆ ಯಾರ ತೊಡೆ ಸಿಗುತ್ತೋ ಅವರ ತೊಡೆ ಮೇಲೆ ಕೂರಿಸ್ತೀನಿ ಕಣಣ್ಣ. ನನಗೆ ತವರಿಲ್ಲ ಅಂತ ತಿಳ್ಕೋತೀನಿ."

ವರ್ತಕನ ಎದೆಗೆ ಆ ಮಾತು ನಾಟಿತು. ತಂಗಿಯೆಂದರೆ ಅವನಿಗೆ ಜೀವ. ಅವತ್ತೇ ಕಾರನ್ನು ಊರಿನ ಮೇಸ್ತ್ರಿಯ ಗ್ಯಾರೇಜಿಗೆ ತಂದು ನಿಲ್ಲಿಸಿದ.

ಆ ಕಾಲದ ವೈಪರ್‌ಗೂ ಕರೆಂಟಿಗೂ ಸಂಬಂಧವಿಲ್ಲ. ಎಂಜಿನ್ ಗಾಳಿ ಎಳೆದುಕೊಳ್ಳುತ್ತದಲ್ಲ, ಆ ಎಳೆತವನ್ನೇ ಒಂದು ರಬ್ಬರ್ ಕೊಳವೆಯಿಂದ ಗಾಜಿನ ಬುಡದ ಪುಟ್ಟ ಡಬ್ಬಿಗೆ ಸೇರಿಸಿರುತ್ತಾರೆ. ಡಬ್ಬಿಯೊಳಗಿನ ರೆಕ್ಕೆ ಆ ಎಳೆತಕ್ಕೆ ಆಚೀಚೆ ಹೊರಳಿದರೆ ವೈಪರ್ ಆಡುತ್ತದೆ. ಮೇಸ್ತ್ರಿ ಡಬ್ಬಿ ಬಿಚ್ಚಿದ. ರೆಕ್ಕೆಯ ಅಂಚಿನ ಚರ್ಮ ಒಣಗಿತ್ತು, ಹರಳೆಣ್ಣೆ ಹಚ್ಚಿ ಮೆತ್ತಗೆ ಮಾಡಿದ. ಬಿರುಕು ಬಿಟ್ಟಿದ್ದ ಕೊಳವೆಯನ್ನು ಬದಲಿಸಿದ. ಎಂಜಿನ್ ಚಾಲೂ ಮಾಡಿ ಗಾಜಿನ ಮೇಲೆ ಒಂದು ಬಕೆಟ್ ನೀರು ಹೊಯ್ದ. ವೈಪರ್ ಟಪಟಪನೆ ಆಡಿತು. ವರ್ತಕ ಸಂತೋಷದಿಂದ ಹೊರಟವನು ಘಟ್ಟದ ಮೊದಲ ಏರಿಗೆ ಹೋಗಿ ನೋಡಿದ. ನಿಂತಿತು.

ಮರಳಿ ಬಂದು ಮೇಸ್ತ್ರಿಯ ಮೇಲೆ ರೇಗಿದ. ಮೇಸ್ತ್ರಿ ಮತ್ತೆ ಬಿಚ್ಚಿದ, ಮತ್ತೆ ಸೇರಿಸಿದ. ಮತ್ತೆ ಬಕೆಟ್ ನೀರು, ಮತ್ತೆ ಟಪಟಪ. ಏರಿನಲ್ಲಿ ಮತ್ತೆ ನಿಂತಿತು. ನೀರು ಜಾರಿಹೋಗುತ್ತದೆಂದು ಯಾರೋ ಹೇಳಿದ್ದಕ್ಕೆ ವರ್ತಕ ಗಾಜಿಗೆ ಹೊಗೆಸೊಪ್ಪು ಉಜ್ಜಿದ. ಕಾರಿನ ವಾಸನೆಗೆ ಹೆಂಡತಿ ಮೂಗು ಮುಚ್ಚಿಕೊಂಡಳೇ ಹೊರತು ಬೇರೇನೂ ಆಗಲಿಲ್ಲ. ಮೂರನೆಯ ಸಲ ಬಂದಾಗ ಮೇಸ್ತ್ರಿ, "ಯಜಮಾನ್ರೇ, ತಪ್ಪು ಡಬ್ಬೀಲಿಲ್ಲ, ನೀವು ಗಾಡಿ ಓಡಿಸೋವಾಗ..." ಎಂದು ಬಾಯಿ ತೆರೆದ. ವರ್ತಕ ಪೂರ್ತಿ ಮಾಡಗೊಡಲಿಲ್ಲ. "ನನಗೆ ಗಾಡಿ ಓಡಿಸೋದು ಹೇಳಿಕೊಡ್ತೀಯೇನಯ್ಯ? ಬಿಚ್ಚು ಅಂದ್ರೆ ಬಿಚ್ಚು!" ಮೇಸ್ತ್ರಿ ತೆಪ್ಪಗೆ ಬಿಚ್ಚಿದ. ಸರಿಯಾಗಿರುವುದನ್ನು ರಿಪೇರಿ ಮಾಡುವಷ್ಟು ಬೇಸರದ ಕೆಲಸ ಲೋಕದಲ್ಲಿ ಇನ್ನೊಂದಿಲ್ಲ.

ಜವಳದ ದಿನ ಬಂತು. ಬೆಳಗ್ಗೆಯಿಂದ ಜಡಿಮಳೆ. ಮುಹೂರ್ತ ಹನ್ನೊಂದಕ್ಕೆ. ನಂಬಿಕೆ ಕಳೆದುಕೊಂಡಿದ್ದ ವರ್ತಕ ಮೇಸ್ತ್ರಿಯನ್ನೂ ಪಕ್ಕದಲ್ಲಿ ಕೂರಿಸಿಕೊಂಡು ಹೊರಟ. ನಿಂತರೆ ಅಲ್ಲೇ ಕೊರಳಪಟ್ಟಿ ಹಿಡಿಯುವುದು ಅವನ ಲೆಕ್ಕ.

ಏರು ಶುರುವಾಯಿತು. ವರ್ತಕ ಗಡಿಯಾರ ನೋಡಿದ, ಆಕ್ಸಿಲರೇಟರನ್ನು ಬಲವಾಗಿ ತುಳಿದ. ವೈಪರ್ ತೂಕಡಿಸಿತು, ನಿಂತಿತು. ಅವನು ಬಾಯಿಗೆ ಬಂದದ್ದನ್ನೆಲ್ಲ ಬೈದ.

ಮೇಸ್ತ್ರಿ ಅಂದ: "ಕಾಲು ಎತ್ತಿ ಯಜಮಾನ್ರೇ."

ವರ್ತಕ ಸಿಟ್ಟಿನಲ್ಲೇ ಕಾಲೆತ್ತಿದ. ವೈಪರ್ ಟಪಟಪನೆ ಆಡಿತು. ಗಾಜು ತೊಳೆದಂತಾಗಿ ದಾರಿ ಕಂಡಿತು. ಕಾರು ನಿಧಾನವಾಯಿತು. ಅವನು ಮತ್ತೆ ತುಳಿದ, ವೈಪರ್ ನಿಂತಿತು.

"ನೀವು ತುಳಿದಷ್ಟೂ ಎಳೆತ ಕಮ್ಮಿಯಾಗುತ್ತೆ, ವೈಪರ್‌ಗೆ ಬಲವೇ ಇರಲ್ಲ" ಎಂದ ಮೇಸ್ತ್ರಿ. "ಸ್ವಲ್ಪ ತುಳೀರಿ, ಸ್ವಲ್ಪ ಎತ್ತಿ, ದಾರಿ ನೋಡ್ಕೊಳ್ಳಿ. ಹತ್ತು ನಿಮಿಷ ತಡವಾದ್ರೂ ಮುಹೂರ್ತಕ್ಕೆ ಹೋಗಿ ಸೇರ್ತೀವಿ."

"ಅಲ್ಲಿ ನನ್ನ ತಂಗಿ ಕಾಯ್ತಾ ಅವಳೆ, ನೀನು ಕಾಲು ಎತ್ತು ಅಂತೀಯಲ್ಲ!" ಎಂದು ವರ್ತಕ ಗುಡುಗಿದ. ಕಿಟಕಿಯಿಂದ ತಲೆ ಹೊರಗೆ ಹಾಕಿ, ಕಣ್ಣಿಗೆ ಹೊಡೆಯುವ ಮಳೆಯಲ್ಲೇ ಪೂರ್ತಿ ತುಳಿದ. ಎಡಕ್ಕೊಂದು ತಿರುವು ಬಂತೆಂದು ಮೇಸ್ತ್ರಿ ಕೂಗಿದ್ದು ಅವನ ಕಿವಿಗೆ ಬೀಳಲಿಲ್ಲ. ಕಾರು ಘಟ್ಟದ ನೆತ್ತಿ ದಾಟಿತು. ಆಚೆ ಇಳಿಜಾರು ಸಿಕ್ಕಿ ಅವನ ಕಾಲು ತಾನಾಗಿ ಮೇಲೆದ್ದಿತು. ವೈಪರ್ ಉತ್ಸಾಹದಿಂದ ಆಡಿತು. ತಿಳಿಯಾದ ಗಾಜಿನಲ್ಲಿ ಒಂದು ಮೈಲಿಗಲ್ಲು ಸ್ಪಷ್ಟವಾಗಿ ಕಂಡಿತು. ಅದರ ಮೇಲಿದ್ದದ್ದು ಬೇರೆ ಊರಿನ ಹೆಸರು. ತಂಗಿಯ ಊರಿನ ತಿರುವು ಆರು ಮೈಲಿ ಹಿಂದೆ ಉಳಿದಿತ್ತು.

ಅವನು ಕಾರು ತಿರುಗಿಸಿದ. ಈಗ ಅದೇ ಇಳಿಜಾರು ಏರಾಗಿತ್ತು. ಅವನು ಮತ್ತೂ ಬಲವಾಗಿ ತುಳಿದ.

ತಂಗಿಯ ಮನೆ ಮುಟ್ಟಿದಾಗ ಹನ್ನೆರಡು ದಾಟಿತ್ತು. ಬೋಳು ತಲೆಗೆ ಗಂಧ ಹಚ್ಚಿಸಿಕೊಂಡ ಮಗು ಪಕ್ಕದ ಮನೆಯ ಪೋಸ್ಟ್‌ಮ್ಯಾನಿನ ತೊಡೆಯ ಮೇಲೆ ಅತ್ತು ಅತ್ತು ಮಲಗಿತ್ತು. ತಂಗಿ ಬೈದಿದ್ದರೆ ಅವನು ತಡೆದುಕೊಳ್ಳುತ್ತಿದ್ದ. ಅವಳು ಬೈಯಲಿಲ್ಲ. "ಊಟಕ್ಕೆ ಏಳಿ" ಎಂದಳು. ಹುಟ್ಟಿದಾಗಿನಿಂದ ನೀನು ಎನ್ನುತ್ತಿದ್ದವಳು ಬಹುವಚನದಲ್ಲಿ ಕರೆದು, ಹೊರಗಿನವರ ಪಂಕ್ತಿಯಲ್ಲಿ ಅವನಿಗೆ ಎಲೆ ಹಾಕಿದಳು. ವರ್ತಕ ಅರ್ಧ ಊಟಕ್ಕೇ ಎದ್ದ.

ಕೈತೊಳೆದು ಹೊರಗೆ ಬಂದವನು ಕಾರಿಗೆ ಒರಗಿ ನಿಂತಿದ್ದ ಮೇಸ್ತ್ರಿಗೆ ಹೇಳಿದ: "ನಾಳೇನೇ ಈ ದರಿದ್ರದ ವೈಪರ್ ಕಿತ್ತು ಬೇರೆ ಹಾಕು."

ಗುರುಗಳು ಅಲ್ಲಿಗೆ ಕತೆ ನಿಲ್ಲಿಸಿದರು.

ಚನ್ನವೀರಯ್ಯನವರ ಕಣ್ಣು ಒದ್ದೆಯಾಗಿತ್ತು. ಆ ಪಂಕ್ತಿಯಲ್ಲಿ ಎಲೆಯ ಮುಂದೆ ಕೂತವನು ತಾವೇ ಅನ್ನಿಸಿತು ಅವರಿಗೆ. ಥಟ್ಟನೆ ಎದ್ದು ಗುರುಗಳಿಗೆ ನಮಸ್ಕರಿಸಿದರು.

"ಈಗ ಅರ್ಥವಾಯಿತು ಬುದ್ಧಿ. ಎಂಥ ಕತೆ! ಈ ಗಳಿಗೆಯೇ ಮನೆಗೆ ಹೋಗಿ ಆ ಹುಡುಗನನ್ನು ಎದುರಿಗೆ ಕೂರಿಸಿಕೊಂಡು ಇದನ್ನು ಮೊದಲಿಂದ ಕೊನೆಯವರೆಗೆ ಹೇಳುತ್ತೇನೆ. ಬೇಡ ಅಂದರೂ ಬಿಡುವುದಿಲ್ಲ, ಇವತ್ತು ಅವನಿಗೆ ಬುದ್ಧಿ ಬರಲೇಬೇಕು."

ಗುರುಗಳು ಹಣೆ ಹಣೆ ಚಚ್ಚಿಕೊಂಡು ಅಂದರು: "ಅಯ್ಯೋ ಮಾರಾಯ, ಇನ್ನೂ ಹೊಸಿಲು ದಾಟಿಲ್ಲ, ಆಗಲೇ ತುಳಿದೆಯಲ್ಲ!"