ಹೊಸಬರಿಲ್ಲದ ಸ್ವಾಗತ

ಗುಡ್ಡದ ಮೇಲೆ ಒಂದು ವಿಶ್ವವಿದ್ಯಾಲಯವಿತ್ತು. ಅಲ್ಲಿ ಹೊಸ ಮಕ್ಕಳನ್ನು ಬರಮಾಡಿಕೊಳ್ಳುವುದಕ್ಕೆ ಒಂದು ಪದ್ಧತಿ. ಕೊನೆಯ ವರ್ಷದವರು ಒಬ್ಬೊಬ್ಬರೂ ಒಬ್ಬೊಬ್ಬ ಹೊಸಬರ ಕೈಗೆ ಅರಿಸಿನದ ದಾರ ಕಟ್ಟಬೇಕು. ಕಟ್ಟುವಾಗ, "ಇನ್ನೊಂದು ವರ್ಷ ನಿನ್ನ ಹಸಿವು ನನಗೆ ತಿಳಿಯಲಿ, ನಿನ್ನ ಕಷ್ಟ ನನ್ನ ಕಿವಿಗೆ ಬೀಳಲಿ" ಅನ್ನಬೇಕು. ಕಟ್ಟಿಸಿಕೊಂಡವರು, "ನಾನಿಲ್ಲಿ ಒಂಟಿಯಲ್ಲ" ಅನ್ನಬೇಕು. ಅಲ್ಲಿಂದ ಮುಂದೆ ಆ ಹೊಸಬರಿಗೆ ಜ್ವರ ಬಂದರೆ ಗಂಜಿ ತರುವುದು, ಅಡ್ಡದಾರಿ ಹಿಡಿದರೆ ಕಿವಿ ಹಿಂಡುವುದು, ಎಲ್ಲಾ ದಾರ ಕಟ್ಟಿದವರ ಪಾಲು.

ಈ ಸಮಾರಂಭ ನಡೆಸುವವರು ಚೂಡಾಮಣಿ ಮೇಡಂ. ಪಾಠ ಹೇಳುವುದರಲ್ಲಿ ಎತ್ತಿದ ಕೈ. ನೆರಿಗೆ ಒಂದು ಬೆರಳು ಹೆಚ್ಚುಕಮ್ಮಿಯಾದರೂ ಮನೆಯ ಹೊಸಿಲು ದಾಟುವವರಲ್ಲ. ಗಂಡ ತೀರಿಕೊಂಡ ಮೂರನೇ ವಾರಕ್ಕೆ ಇಸ್ತ್ರಿ ಸೀರೆ ಉಟ್ಟು ಪಾಠಕ್ಕೆ ಬಂದರು ಎಂದು ಆಗ ಆಡಿಕೊಳ್ಳದ ಬಾಯಿಲ್ಲ. ಅದು ಹಳೇ ಮಾತು, ಬಿಡಿ.

ಹಿಂದಿನ ವರ್ಷದ ಸಮಾರಂಭ ಮಾತ್ರ ಅವರ ಮಾನ ಕಳೆದಿತ್ತು. ಹೊಸ ಹುಡುಗನೊಬ್ಬ ಕಳುವಾದೀತೆಂದು ಚಪ್ಪಲಿಯನ್ನು ಕಂಕುಳಲ್ಲಿ ಇಟ್ಟುಕೊಂಡು ವೇದಿಕೆ ಹತ್ತಿದ. ಇನ್ನೊಬ್ಬಳು ಮೈಕಿನ ಮುಂದೆ ಗೊಳೋ ಅಂತ ಅತ್ತಳು. ಅವಳ ತಾಯಿ ಅಷ್ಟೂ ಜನರ ಮುಂದೆ ಮೇಲೇರಿ ಬಂದು ಸೆರಗಿನಲ್ಲಿ ಮಗಳ ಮೂಗು ಒರೆಸಿದಳು. ಅದೇ ಫೋಟೋ ಪತ್ರಿಕೆಯಲ್ಲಿ ಬಂತು. ಮೇಡಂ ಅಂದರೆ ಆಗದ ನಾಗಭೂಷಣ ಮೇಷ್ಟ್ರು ಆ ಹಾಳೆಯನ್ನು ಅಧ್ಯಾಪಕರ ಕೋಣೆಯ ಮೇಜಿನ ಮೇಲೆ ಎಲ್ಲರಿಗೂ ಕಾಣುವಂತೆ ಹರಡಿ, ಮೇಲೊಂದು ಟೀ ಲೋಟ ಇಟ್ಟು ನಾಲ್ಕು ದಿನ ಕಾಪಾಡಿದರು.

ಈ ವರ್ಷ ಕುಲಸಚಿವರ ಕುರ್ಚಿ ಖಾಲಿಯಾಗುವುದಿತ್ತು. ಚೂಡಾಮಣಿಯವರಿಗೆ ಅದರ ಮೇಲೆ ಕಣ್ಣು. ನಾಗಭೂಷಣರಿಗೆ ಎರಡೂ ಕಣ್ಣು. ಆ ಕುರ್ಚಿಯಲ್ಲಿ ಯಾರು ಕೂರಬೇಕೆಂದು ಹೇಳುವ ದೊಡ್ಡ ಮನುಷ್ಯರೇ ಸಮಾರಂಭದ ಅತಿಥಿ. ಹೀಗಿರುವಾಗ ಮೂಗು ಸುರಿಸುವ ಮಕ್ಕಳನ್ನು ನಂಬುವುದು ಹೇಗೆ? ಮೇಡಂ ಒಂದು ಉಪಾಯ ಮಾಡಿದರು. ಎರಡನೇ ವರ್ಷದ ಅಂದಚೆಂದದ ಎಂಬತ್ತು ಮಕ್ಕಳನ್ನು ಆರಿಸಿ, ಬಿಳಿ ಬಟ್ಟೆ ತೊಡಿಸಿ, ಎಂಟು ದಿನ ನಡಿಗೆ ಕಲಿಸಿ, ಹೊಸಬರು ಎಂದು ಮುಂದೆ ಕೂರಿಸಿದರು. ನಿಜವಾದ ಹೊಸಬರಿಗೆ, "ಸಭಾಂಗಣ ಚಿಕ್ಕದು, ನಿಮ್ಮದು ಇನ್ನೊಂದು ದಿನ" ಎಂದು ಹೇಳಿಸಿ, ಆಟದ ಸಾಮಾನು ಇಡುವ ಶೆಡ್ಡಿನಲ್ಲಿ ಕೂರಿಸಿ, ಕೈಗೊಂದು ಲಾಡಿನ ಪೊಟ್ಟಣ ಕೊಡಿಸಿದರು. ಮದುವೆಮನೆಯಲ್ಲಿ ಹೆಣ್ಣನ್ನು ಕೊಟ್ಟಿಗೆಯಲ್ಲಿ ಕೂರಿಸಿ ಪಕ್ಕದ ಮನೆಯವಳಿಗೆ ಬಾಸಿಂಗ ಕಟ್ಟಿದ ಹಾಗೆ. ಕುಲಪತಿಗಳಿಗೆ ಗೊತ್ತಿರಲಿಲ್ಲವೇ ಅಂತೀರಾ? ಗೊತ್ತಿಲ್ಲದವರ ಹಾಗಿದ್ದರು.

ಅತಿಥಿಗಳನ್ನು ಎದುರುಗೊಳ್ಳಲು ಮೇಡಂ ಗೇಟಿನ ಬಳಿ ನಿಂತಿದ್ದಾಗ ಒಬ್ಬ ಹೆಂಗಸು, ಜೊತೆಗೊಂದು ಹುಡುಗಿ ಬಂದರು. ಹುಡುಗಿ ಮಾದೇವಿ, ಹೊಸದಾಗಿ ಸೇರಿದವಳು. ಹೆಂಗಸು ಅವಳ ಸೋದರತ್ತೆ ದುಂಡಮ್ಮ. ತಲೆಯ ಮೇಲೆ ತಗಡಿನ ಟ್ರಂಕು.

"ಅಮ್ಮಾವ್ರೇ, ದಾರ ಕಟ್ಟೋದು ಎಲ್ಲಿ?" ಎಂದಳು ದುಂಡಮ್ಮ. "ಇವಳ ಅಪ್ಪ ಇಷ್ಟು ದೂರ ಬ್ಯಾಡ ಅಂತ ಕೂತಿದ್ದ. ಇಲ್ಲಿಂದ ಕಾಗದ ಬಂತು ನೋಡಿ, ನಿಮ್ಮ ಮಗೂಗೆ ಒಬ್ಬರು ಆಸರೆ ಇರ್ತಾರೆ ಅಂತ. ಆಸರೆ ಆದೋರ ಮುಖ ನೋಡ್ಕೊಂಡು ಬಾ, ಇಲ್ಲದಿದ್ರೆ ಕೂಸನ್ನ ವಾಪಸ್ ಕರ್ಕೊಂಡು ಬಾ ಅಂತ ನನ್ನ ಕಳಿಸ್ಯವ್ನೆ."

ಕಾಗದದ ಕೆಳಗಿದ್ದ ಸಹಿ ಚೂಡಾಮಣಿಯವರದೇ. ಎದುರಿಗಿರುವವರೇ ಅವರು ಎಂದು ಪಾಪ ಅವಳಿಗೇನು ಗೊತ್ತು. ಅಷ್ಟರಲ್ಲಿ ರಸ್ತೆಯ ತಿರುವಿನಲ್ಲಿ ಕಾರು ಕಾಣಿಸಿತು.

"ಇವತ್ತು ಹಳೇ ವಿದ್ಯಾರ್ಥಿಗಳ ಕಾರ್ಯಕ್ರಮ. ದಾರಗೀರ ಏನೂ ಇಲ್ಲ. ಪಕ್ಕಕ್ಕೆ ನಿಲ್ಲಿ" ಎಂದರು ಮೇಡಂ.

"ಹಂಗಾದ್ರೆ ಕಾಗದ?"

"ಅದೆಲ್ಲ ಬರಿಯೋ ಪದ್ಧತಿ ಅಷ್ಟೇ."

ದುಂಡಮ್ಮ ಕಾಗದವನ್ನು ಮಡಿಸಿ ಸೊಂಟಕ್ಕೆ ಸಿಕ್ಕಿಸಿಕೊಂಡಳು. "ನಡಿ ಕೂಸು. ಕರೆದು ಕೂರಿಸದ ಮನೇಲಿ ಮೂರು ವರ್ಷ ಹೆಂಗಿರ್ತೀಯ?" ಹುಡುಗಿ ತಿರುಗಿ ತಿರುಗಿ ಕಟ್ಟಡ ನೋಡುತ್ತಾ ಗುಡ್ಡ ಇಳಿದಳು.

ಸಮಾರಂಭ ಶುರುವಾಯಿತು. ಅಂಥ ಸಮಾರಂಭ ಆ ಗುಡ್ಡ ಕಂಡಿರಲಿಲ್ಲ. ಒಂದು ಕೆಮ್ಮಿಲ್ಲ, ಒಂದು ಅಳುವಿಲ್ಲ. ಅತಿಥಿಗಳು ಮೇಡಂ ಕಡೆ ನೋಡಿ ತಲೆದೂಗಿದರು. ನಾಗಭೂಷಣರ ಮುಖ ಹರಳೆಣ್ಣೆ ಕುಡಿದ ಹಾಗಾಯಿತು. ಕುರ್ಚಿ ಇನ್ನು ಅರ್ಧಗಂಟೆಯ ಮಾತು.

ಆಗ ಮೊದಲ ದಾರ. ವೇದಿಕೆಯ ಮೇಲಿನ ಬಿಳಿ ಬಟ್ಟೆಯ ಹುಡುಗಿ ಕೈ ಮುಂದೆ ಚಾಚಿ, ತುಟಿಯಲ್ಲಿ ನಗು ತಡೆದುಕೊಂಡು, "ನಾನಿಲ್ಲಿ ಒಂಟಿಯಲ್ಲ" ಅಂದಳು. ಹೇಗೆ ಒಂಟಿಯಾಗುತ್ತಾಳೆ? ಅದೇ ಊರಿನವಳು, ಅಪ್ಪನ ಸ್ಕೂಟರಿನಲ್ಲಿ ಬಂದು ಹೋಗುವವಳು.

ಚೂಡಾಮಣಿಯವರಿಗೆ ಕೂತಲ್ಲಿ ಕೂರಲಾಗಲಿಲ್ಲ. ಆ ಮಾತು ಹೇಳಬೇಕಾದವಳು ಈಗ ಬಸ್ಸಿಗೆ ಕಾಯುತ್ತಿದ್ದಾಳೆ. ಬಸ್ಸು ಹತ್ತಿದಳೋ, ಮತ್ತೆ ಅವಳಪ್ಪ ಕಳಿಸುವುದಿಲ್ಲ. ಕೂತರೆ ಕುರ್ಚಿ, ಎದ್ದರೆ ನಗೆಪಾಟಲು. ಮೇಡಂ ಒಂದು ದಾರ ಕಟ್ಟುವಷ್ಟು ಹೊತ್ತು ಕೂತರು. ಎರಡನೆಯ ದಾರಕ್ಕೆ ಎದ್ದು ಮೈಕು ಹಿಡಿದರು.

"ಇಲ್ಲಿ ಕೂತಿರೋರು ಹೊಸಬರಲ್ಲ. ಹೊಸಬರು ಆಟದ ಸಾಮಾನಿನ ಶೆಡ್ಡಿನಲ್ಲಿದ್ದಾರೆ. ಕೂರಿಸಿದ್ದು ನಾನೇ. ಅವರನ್ನು ಕರೆಸಿ ಕಟ್ಟಿ."

ಸಭೆಯಲ್ಲೆಲ್ಲ ಗುಜುಗುಜು. ಕುಲಪತಿಗಳು ಎಲೆಯಡಿಕೆ ನುಂಗಿದವರಂತೆ ಕಣ್ಣು ಬಿಟ್ಟರು. ಅತಿಥಿಗಳು ಗಡಿಯಾರ ನೋಡಿಕೊಂಡು ಎದ್ದು ಕಾರು ಹತ್ತಿದರು. ಬಾಗಿಲವರೆಗೆ ಬಿಡಲು ಎಲ್ಲರಿಗಿಂತ ಮುಂದೆ ಓಡಿದವರು ಯಾರೆಂದು ಹೇಳಬೇಕಾಗಿಲ್ಲ. ಕುರ್ಚಿಯೂ ಅವರಿಗೇ ಆಯಿತು. ಶೆಡ್ಡಿನ ಮಕ್ಕಳು ಲಾಡಿನ ಪೊಟ್ಟಣ ಹಿಡಿದುಕೊಂಡೇ ನುಗ್ಗಿ ಬಂದರು. ಗಲಾಟೆಯೋ ಗಲಾಟೆ. ಬಿಳಿ ಬಟ್ಟೆಯವರು ಎದ್ದು ಜಾಗ ಬಿಟ್ಟರು. ಯಾರೋ ಅತ್ತರು. ಅಳುವವರಿಗೆ ದಾರ ಕಟ್ಟುತ್ತಿದ್ದವರೂ ಅತ್ತರು.

ಮೇಡಂ ಅದನ್ನು ನೋಡಲು ನಿಲ್ಲಲಿಲ್ಲ. ತಟ್ಟೆಯಿಂದ ಒಂದು ದಾರ ತೆಗೆದುಕೊಂಡು, ಆ ಬಿಸಿಲಿನಲ್ಲಿ, ನೆರಿಗೆ ಎತ್ತಿ ಹಿಡಿದು ಗುಡ್ಡ ಇಳಿದರು. ಬಸ್ಸು ನಿಂತಿತ್ತು. ದುಂಡಮ್ಮ ಟ್ರಂಕನ್ನು ಮೆಟ್ಟಿಲ ಮೇಲೆ ಇಡುತ್ತಿದ್ದಳು.

"ನಿಲ್ಲಿ. ಆ ಕಾಗದ ಬರೆದವಳು ನಾನೇ. ಗೇಟಿನ ಹತ್ತಿರ ಸುಳ್ಳು ಹೇಳಿದೆ."

ದುಂಡಮ್ಮ ಅವರನ್ನು ಮೇಲಿಂದ ಕೆಳಗೆ ನೋಡಿದಳು. "ಸುಳ್ಳು ಹೇಳೋರ ಕೈಗೆ ಕೂಸನ್ನ ಕೊಟ್ಟು ಹೋಗಲಾ?"

"ಒಬ್ಬ ಒಳ್ಳೆ ಹುಡುಗಿ ಇದ್ದಾಳೆ, ಅವಳ ಕೈಲಿ ಕಟ್ಟಿಸ್ತೀನಿ" ಎಂದರು ಚೂಡಾಮಣಿ.

"ಯಾವಳ್ನೂ ನಾನು ಕಾಣೆ. ಸುಳ್ಳು ಹೇಳಿದ್ದು ನೀವು, ಬಿಸಿಲಲ್ಲಿ ಇಳಿದು ಬಂದು ಹೇಳಿದೆ ಅಂತ ಒಪ್ಪಿಕೊಂಡದ್ದೂ ನೀವು. ಮೊದಲನೇದು ಎಲ್ಲಾ ಊರಲ್ಲೂ ನೋಡಿವ್ನಿ. ಎರಡನೇದು ಇವತ್ತೇ ಕಂಡದ್ದು. ಕಟ್ಟೋದಾದ್ರೆ ನೀವೇ ಕಟ್ಟಿ."

ಕಂಡಕ್ಟರು ಕಿಟಕಿಯಿಂದ, "ಬರ್ತೀರೋ ಇಲ್ವೋ ತಾಯಿ, ಟೈಮಾಯ್ತು" ಎಂದ.

ಚೂಡಾಮಣಿ ಅಲ್ಲೇ, ಬಸ್ಸಿನ ಬಾಗಿಲಲ್ಲಿ, ಮಾದೇವಿಯ ಕೈ ಹಿಡಿದು ದಾರ ಕಟ್ಟಿದರು. ಹೇಳಬೇಕಾದ ಮಾತು ಹೇಳಿದರು. ಹುಡುಗಿ ತನ್ನ ಮಾತು ಹೇಳಲು ಅತ್ತೆಯ ಮುಖ ನೋಡಿದಳು. ಅತ್ತೆ ಮೆಟ್ಟಿಲ ಮೇಲಿದ್ದ ಟ್ರಂಕನ್ನು ಎತ್ತಿ ಮೇಡಂ ಕೈಗೆ ಕೊಟ್ಟು, ತಾನೊಬ್ಬಳೇ ಬಸ್ಸು ಹತ್ತಿದಳು.

ನೀತಿ: ಸ್ವಾಗತವೆನ್ನುವುದು ಬರುವವರಿಗಾಗಿ, ನೋಡುವವರಿಗಾಗಿ ಅಲ್ಲ. ಬಂದವರನ್ನು ಹೊರಗೆ ಕೂರಿಸಿ ಮಾಡಿದ ಸಡಗರ ಎಷ್ಟು ಚೆಂದವಾದರೂ ಬರೀ ನಾಟಕ. ಹಾಗೆ ಮಾಡಿ ತಪ್ಪಿದ್ದರೆ, ಯಾರಿಗೆ ತಪ್ಪಿದೆವೋ ಅವರ ಮುಂದೆಯೇ ಹೋಗಿ ನಿಂತು ಒಪ್ಪಿಕೊಂಡು, ಅವರ ಭಾರ ಹೊರಬೇಕು.